ಹಳೇ ಲ್ಯಾಪ್‌ಟಾಪಿನ ವೈಫೈ ಕಾರ್ಡ್ ಮತ್ತು ಅದರ ಹಿಂದಿನ ಕಥೆ



ಕಳೆದ ಮಳೆಗಾಲದಲ್ಲಿ ನಮ್ಮ ಧರ್ಮಕೇಂದ್ರದ ಒಂದು ಮನೆಯವರು ಹಳೆಯ ಲ್ಯಾಪ್‌ಟಾಪ್ ಒಂದನ್ನು ಯುವಜನ ಸಂಘಕ್ಕೆ ತಂದುಕೊಟ್ಟರು. ಮಗ ಗಲ್ಫಿಗೆ ಹೋಗುವ ಮೊದಲು ಕಾಲೇಜಿನಲ್ಲಿ ಬಳಸಿದ್ದಂತೆ. ಬ್ಯಾಟರಿ ಸತ್ತಿತ್ತು, ಒಂದು ಕೀಲು ಮುರಿದಿತ್ತು, ಎರಡು ಜಿಬಿ ರ್‍ಯಾಮ್. "ಗುಜರಿಗೆ ಕೊಡುವ ಬದಲು ನಿಮಗೆ ಕೊಟ್ಟಿದ್ದೇವೆ" ಎಂದರು. ನಮ್ಮಲ್ಲೇ ಒಬ್ಬಳು ಹುಡುಗಿ ಆಗಷ್ಟೇ ಪ್ಲಸ್ ಟು ಮುಗಿಸಿ ಡಿಗ್ರಿ ಅಲಾಟ್‌ಮೆಂಟಿಗೆ ಕಾಯುತ್ತಿದ್ದಳು. ಮನೆಯಲ್ಲಿ ಮೂವರು ಮಕ್ಕಳಿಗೆ ಒಂದೇ ಮೊಬೈಲ್, ಅದೂ ಅಪ್ಪ ಕೆಲಸಕ್ಕೆ ಹೋಗುವಾಗ ಅವರ ಜೊತೆಗೆ ಹೋಗುತ್ತಿತ್ತು. ಅವಳಿಗೆ ಇದನ್ನು ಸರಿಮಾಡಿ ಕೊಡೋಣ ಎಂದು ನಾವು ತೀರ್ಮಾನಿಸಿದೆವು.

ವಿಂಡೋಸ್ ಹಾಕಿದರೆ ಅದು ಆನ್ ಆಗುವಷ್ಟರಲ್ಲಿ ಚಹಾ ಕುಡಿದು ಬರಬಹುದಿತ್ತು. ಹಾಗಾಗಿ ಲಿನಕ್ಸ್ ಹಾಕಿದೆವು. ಕಾಸರಗೋಡಿನ ಶಾಲೆಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ನಮಗೆ ಲಿನಕ್ಸ್ ಎಂದರೆ ಭಯವೇನಿಲ್ಲ. ಕೇರಳದಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಶುರುವಾಯಿತು. ಮುಂದೆ ಶಾಲೆಗಳ ಕಂಪ್ಯೂಟರುಗಳೆಲ್ಲ ಸ್ವತಂತ್ರ ತಂತ್ರಾಂಶಕ್ಕೆ ಬದಲಾದವು, 2017ರಲ್ಲಿ ಆ ಯೋಜನೆಯೇ ಕೈಟ್ ಎಂಬ ಸರ್ಕಾರಿ ಕಂಪನಿಯಾಯಿತು. ಐಸಿಟಿ ಪಠ್ಯಪುಸ್ತಕ ನಮಗೆ ಕನ್ನಡದಲ್ಲೇ ಸಿಕ್ಕಿತ್ತು. ಜಿಂಪ್‌ನಲ್ಲಿ ಚಿತ್ರ, ಜಿಯೋಜೀಬ್ರಾದಲ್ಲಿ ತ್ರಿಕೋನ, ಲಿಬ್ರೆ ಆಫೀಸಿನಲ್ಲಿ ಅರ್ಜಿ ಬರೆದೇ ನಾವು ಬೆಳೆದವರು. ಗಡಿಯ ಆಚೆ ಮಂಗಳೂರಿಗೆ ಡಿಗ್ರಿಗೆ ಹೋದಾಗ ಗೆಳೆಯರು "ನಿಮ್ಮ ಶಾಲೆಯಲ್ಲಿ ವಿಂಡೋಸ್ ಇರಲಿಲ್ಲವಾ?" ಎಂದು ಕನಿಕರದಿಂದ ಕೇಳಿದ್ದು ಬೇರೆ ಮಾತು.

ಲಿನಕ್ಸ್ ಇಪ್ಪತ್ತೈದು ನಿಮಿಷದಲ್ಲಿ ಕೂತಿತು. ಪರದೆ ಸರಿ, ಧ್ವನಿ ಸರಿ, ಕ್ಯಾಮೆರಾ ಕೂಡ ಸರಿ. ವೈಫೈ ಮಾತ್ರ ಇಲ್ಲ. ಪಟ್ಟಿಯಲ್ಲಿ ಒಂದು ನೆಟ್‌ವರ್ಕ್ ಹೆಸರೂ ಕಾಣಲಿಲ್ಲ. ಕರ್ನಲ್ಲಿನ ದಿನಚರಿ ತೆರೆದು ನೋಡಿದರೆ ಒಂದೇ ಸಾಲು ಮತ್ತೆ ಮತ್ತೆ: ಫರ್ಮ್‌ವೇರ್ ಕಡತ ಸಿಗಲಿಲ್ಲ. ಅದನ್ನು ತರಬೇಕಾದರೆ ಇಂಟರ್ನೆಟ್ ಬೇಕು. ಇಂಟರ್ನೆಟ್ ಬೇಕಾದರೆ ವೈಫೈ ಬೇಕು. ವೈಫೈ ಬೇಕಾದರೆ ಆ ಕಡತ ಬೇಕು!

"ಐನೂರು ರೂಪಾಯಿಯ ಡಾಂಗಲ್ ತಂದರೆ ಮುಗಿಯಿತಲ್ಲ" ಎಂದು ಒಬ್ಬ ಹೇಳಿದ. ತಪ್ಪಲ್ಲ. ಆದರೆ ಲ್ಯಾಪ್‌ಟಾಪಿನ ಹೊಟ್ಟೆಯಲ್ಲೇ ಚೆನ್ನಾಗಿರುವ ಒಂದು ರೇಡಿಯೋ ಇರುವಾಗ ಅದು ಯಾಕೆ ಬಾಯಿ ಬಿಡುವುದಿಲ್ಲ ಎಂಬ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಆ ಪ್ರಶ್ನೆಯ ಹಿಂದೆ ಹೋದಾಗ ಸಿಕ್ಕ ಚರಿತ್ರೆಯನ್ನು ಇಲ್ಲಿ ಬರೆಯುತ್ತಿದ್ದೇವೆ. ನಮ್ಮ ಲ್ಯಾಪ್‌ಟಾಪಿನ ಕಾರ್ಡ್ ಯಾವ ಕಂಪನಿಯದೆಂದು ಹೇಳುವುದಿಲ್ಲ, ಅದು ಮುಖ್ಯವಲ್ಲ. ಈ ಜಾತಿಯ ತೊಂದರೆಯಲ್ಲಿ ಜಗತ್ತಿನಲ್ಲೇ ಹೆಚ್ಚು ಹೆಸರು ಮಾಡಿದ್ದು ಬ್ರಾಡ್‌ಕಾಮ್ ಚಿಪ್ಪುಗಳ ಕಥೆ. ಆದ್ದರಿಂದ ಅದನ್ನೇ ಹೇಳುತ್ತೇವೆ.

ವೈಫೈ ಎಂದರೆ ಮೂಲತಃ ರೇಡಿಯೋ. 1985ರಲ್ಲಿ ಅಮೆರಿಕದ ಸಂಪರ್ಕ ಆಯೋಗ ಕೆಲವು ತರಂಗ ಪಟ್ಟಿಗಳನ್ನು ಲೈಸನ್ಸ್ ಇಲ್ಲದೆ ಸಂವಹನಕ್ಕೆ ಬಳಸಬಹುದೆಂದು ತೀರ್ಮಾನಿಸಿತು. ಮೈಕ್ರೋವೇವ್ ಒಲೆ ಕೂಡ ಬಳಸುವ 2.4 ಗಿಗಾಹರ್ಟ್ಸ್ ಅದರಲ್ಲಿ ಒಂದು. 1997ರಲ್ಲಿ 802.11 ಎಂಬ ಮಾನಕ ಬಂತು, ವೇಗ ಸೆಕೆಂಡಿಗೆ 2 ಮೆಗಾಬಿಟ್. 1999ರಲ್ಲಿ 11 ಮೆಗಾಬಿಟ್, 2003ರಲ್ಲಿ 54 ಮೆಗಾಬಿಟ್. "ವೈಫೈ" ಎಂಬ ಹೆಸರು 1999ರದ್ದು, ಮಾರಾಟಕ್ಕಾಗಿ ಒಂದು ಬ್ರಾಂಡ್ ಕಂಪನಿಯಿಂದ ಇಡಿಸಿಕೊಂಡದ್ದು.

ಲಿನಕ್ಸ್ ಹುಟ್ಟಿದ್ದು 1991ರಲ್ಲಿ, ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಕೈಯಲ್ಲಿ. ನಮ್ಮಲ್ಲಿ ಕೆಲವರಿಗಿಂತ ಅವನಿಗೆ ಆಗ ವಯಸ್ಸು ಕಡಿಮೆ, 21. ಆರಂಭದ ವೈರ್‌ಲೆಸ್ ಕಾರ್ಡುಗಳಿಗೆ ಲಿನಕ್ಸಿನಲ್ಲಿ ಅಷ್ಟೇನೂ ಕಷ್ಟವಿರಲಿಲ್ಲ. ಎಚ್‌ಪಿ ಕಂಪನಿಯಲ್ಲಿದ್ದ ಜ್ಯಾನ್ ಟುರ್‍ರಿಲ್ ಎಂಬವರು ವೈರ್‌ಲೆಸ್ ಟೂಲ್ಸ್ ಬರೆದರು. ಹಳಬರು ಈಗಲೂ ಟೈಪ್ ಮಾಡುವ ಐಡಬ್ಲ್ಯೂಕಾನ್ಫಿಗ್ ಅದರಲ್ಲಿದ್ದದ್ದು. ಪ್ರಿಸಂ ಎಂಬ ಚಿಪ್ಪುಗಳಿಗೆ ಫಿನ್ಲೆಂಡಿನ ಯೊವ್ನಿ ಮಾಲಿನೆನ್ ಹೋಸ್ಟ್‌ಎಪಿ ಎಂಬ ಡ್ರೈವರ್ ಬರೆದರು. ಪಾಸ್‌ವರ್ಡ್ ಹಾಕಿ ವೈಫೈಗೆ ಸೇರುವ ಕೆಲಸವನ್ನು ಮಾಡುವ ಡಬ್ಲ್ಯೂಪಿಎ ಸಪ್ಲಿಕೆಂಟ್ ಕೂಡ ಅವರದ್ದೇ. ಅನೇಕ ಆಂಡ್ರಾಯ್ಡ್ ಫೋನುಗಳ ಒಳಗೂ ಅದು ಕೂತಿದೆ. ನಿಮ್ಮ ಜೇಬಿನಲ್ಲೇ ಅವರ ಕೆಲಸ ಇರಬಹುದು.

ತೊಂದರೆ ಶುರುವಾದದ್ದು ವೇಗ ಹೆಚ್ಚಿದಾಗ. 2003ರ ಹೊತ್ತಿಗೆ ಹೊಸ ಚಿಪ್ಪುಗಳು ಬಂದವು. ಆಪಲ್ ತನ್ನ ಏರ್‌ಪೋರ್ಟ್ ಎಕ್ಸ್‌ಟ್ರೀಮ್‌ಗೆ ಬ್ರಾಡ್‌ಕಾಮ್ ಚಿಪ್ಪನ್ನೇ ಆರಿಸಿತು, ಲ್ಯಾಪ್‌ಟಾಪ್ ಕಂಪನಿಗಳು ಹಲವು ಅದನ್ನೇ ಹಾಕಿದವು. ಇವುಗಳಲ್ಲಿ ಹೆಚ್ಚಿನ ಬುದ್ಧಿ ತಂತ್ರಾಂಶದಲ್ಲಿತ್ತು. ಕಾರ್ಡಿಗೆ ಕರೆಂಟ್ ಬಂದ ಮೇಲೆ ಕಂಪ್ಯೂಟರ್ ಅದಕ್ಕೊಂದು ಸಣ್ಣ ಪ್ರೋಗ್ರಾಂ ತುಂಬಿಸಬೇಕು, ಅದೇ ಫರ್ಮ್‌ವೇರ್. ಅದಿಲ್ಲದೆ ಚಿಪ್ ಬರೀ ಮರಳಿನ ತುಂಡು. ಹಳೆ ಕಾರ್ಡುಗಳಲ್ಲಿ ಆ ಪ್ರೋಗ್ರಾಂ ಕಾರ್ಡಿನೊಳಗೇ ಬರೆದಿರುತ್ತಿತ್ತು. ಹೊಸದರಲ್ಲಿ ಖರ್ಚು ಉಳಿಸಲು ಹೊರಗಿಟ್ಟರು. ಖರ್ಚು ಉಳಿದದ್ದು ಅವರಿಗೆ, ತಲೆನೋವು ನಮಗೆ.

ಚಿಪ್ಪಿನ ಒಳಗುಟ್ಟನ್ನು ಯಾಕೆ ಬಿಟ್ಟುಕೊಡಲಿಲ್ಲ? ಎರಡು ಕಾರಣ ಆಗ ಕೇಳಿಬರುತ್ತಿತ್ತು. ಒಂದು ವ್ಯಾಪಾರದ ಗುಟ್ಟು. ಇನ್ನೊಂದು ಕಾನೂನು: ರೇಡಿಯೋದ ಶಕ್ತಿ, ತರಂಗಾಂತರ ಎರಡೂ ತಂತ್ರಾಂಶದಿಂದ ಬದಲಾಗುವುದಾದರೆ, ಕೋಡ್ ಬಹಿರಂಗವಾದ ಮೇಲೆ ಯಾರಾದರೂ ಅದನ್ನು ತಿದ್ದಿ ವಿಮಾನ ಅಥವಾ ಹವಾಮಾನ ರಾಡಾರಿನ ತರಂಗಕ್ಕೆ ಅಡ್ಡಿ ಮಾಡಿಯಾರು, ಸರ್ಕಾರ ನಮ್ಮನ್ನು ಹಿಡಿದೀತು ಎಂಬ ಅಂಜಿಕೆ. ಎರಡನೆಯದರಲ್ಲಿ ಸತ್ಯಾಂಶ ಇದೆ ಎಂದು ನಾವು ಒಪ್ಪುತ್ತೇವೆ. ಆದರೆ ಕೆಲವೇ ವರ್ಷಗಳಲ್ಲಿ ಬೇರೆ ಕಂಪನಿಗಳು ಕೋಡ್ ಬಿಟ್ಟುಕೊಟ್ಟವು, ಆಕಾಶ ಬೀಳಲಿಲ್ಲ. ಇಂಟೆಲ್ 2004ರಲ್ಲೇ ಸೆಂಟ್ರಿನೊ ಲ್ಯಾಪ್‌ಟಾಪುಗಳ ಕಾರ್ಡಿಗೆ ಲಿನಕ್ಸ್ ಡ್ರೈವರ್ ಕೊಟ್ಟಿತು, ಫರ್ಮ್‌ವೇರ್ ಮಾತ್ರ ಮುಚ್ಚಿಟ್ಟಿತು. ಎಥೆರೋಸ್ 2008ರಲ್ಲಿ ಎಥ್9ಕೆ ಕೊಟ್ಟಿತು.

ಬ್ರಾಡ್‌ಕಾಮ್ ಕಾರ್ಡ್ ಇದ್ದವರಿಗೆ 2003ರಲ್ಲಿ ಸಿಕ್ಕಿದ್ದು ಒಂದು ಜಾಣ ಅಡ್ಡದಾರಿ. ಪಾಂಟಸ್ ಫುಕ್ಸ್ ಎಂಬವರು ಎನ್‌ಡಿಐಎಸ್ ರ್‍ಯಾಪರ್ ಶುರು ಮಾಡಿದರು, ಗಿರಿಧರ್ ಪೆಮ್ಮಸಾನಿ ಅದನ್ನು ಬೆಳೆಸಿದರು. ಕಾರ್ಡಿನ ಜೊತೆ ಸೀಡಿಯಲ್ಲಿ ಬಂದ ವಿಂಡೋಸ್ ಡ್ರೈವರನ್ನೇ ಲಿನಕ್ಸಿನ ಒಳಗೆ ಕೂರಿಸಿ, ಅದಕ್ಕೆ ತಾನು ವಿಂಡೋಸಿನಲ್ಲೇ ಇದ್ದೇನೆ ಎಂಬ ಭ್ರಮೆ ಹುಟ್ಟಿಸುವುದು ಅದರ ಉಪಾಯ. ಕೆಲಸ ಮಾಡುತ್ತಿತ್ತು. ಕೆಲವೊಮ್ಮೆ ಇಡೀ ಯಂತ್ರವನ್ನೇ ಕೆಡವುತ್ತಿತ್ತು. ಒಳಗೇನಾಯಿತೆಂದು ನೋಡಲು ಯಾರಿಗೂ ಆಗುತ್ತಿರಲಿಲ್ಲ, ಕೋಡ್ ಇಲ್ಲವಲ್ಲ.

ಇನ್ನೊಂದು ಸಂಗತಿ. ವಿಂಡೋಸ್ ಡ್ರೈವರ್ ಇಂಟೆಲ್ ಜಾತಿಯ ಪ್ರೊಸೆಸರಿಗೆ ಬರೆದದ್ದು. ಆಗಿನ ಆಪಲ್ ಐಬುಕ್, ಪವರ್‌ಬುಕ್‌ಗಳಲ್ಲಿ ಇದ್ದದ್ದು ಪವರ್‌ಪಿಸಿ. ಅವುಗಳಲ್ಲಿ ಲಿನಕ್ಸ್ ಹಾಕಿದವರಿಗೆ ಈ ಅಡ್ಡದಾರಿಯೂ ಇರಲಿಲ್ಲ. ಬೇರೆ ದಾರಿಯೇ ಇಲ್ಲದಾಗ ನಿಜವಾದ ದಾರಿ ಕಡಿಯಲೇಬೇಕಾಗುತ್ತದೆ.

ಆ ದಾರಿಗೆ ಮೊದಲ ಕಲ್ಲು ಸಿಕ್ಕಿದ್ದು ನೀಲಿ ಬಣ್ಣದ ಒಂದು ರೌಟರಿನಿಂದ. ಲಿಂಕ್‌ಸಿಸ್ ಕಂಪನಿಯ ಡಬ್ಲ್ಯೂಆರ್‌ಟಿ54ಜಿ 2002ರ ಕೊನೆಗೆ ಬಂತು. ಅದರ ಒಳಗೆ ಓಡುತ್ತಿದ್ದದ್ದು ಲಿನಕ್ಸ್ ಎಂದು ಕೊಂಡವರು ಪತ್ತೆಹಚ್ಚಿದರು. ಲಿನಕ್ಸನ್ನು ಯಾರೂ ಬಳಸಬಹುದು, ಮಾರಬಹುದು. ಆದರೆ ಜಿಪಿಎಲ್ ಲೈಸನ್ಸಿನ ಪ್ರಕಾರ ಪಡೆದವರಿಗೆ ಮೂಲ ಕೋಡ್ ಕೊಡಬೇಕು. ಕೊಟ್ಟಿರಲಿಲ್ಲ. 2003ರ ಜೂನ್‌ನಲ್ಲಿ ಆಂಡ್ರ್ಯೂ ಮಿಕ್ಲಾಸ್ ಇದನ್ನು ಕರ್ನಲ್ ಅಭಿವೃದ್ಧಿಗಾರರ ಮುಂದಿಟ್ಟರು. ಗದ್ದಲವಾಯಿತು, ಆ ವರ್ಷವೇ ಕೋಡ್ ಹೊರಗೆ ಬಂತು. ಅದರಿಂದ 2004ರಲ್ಲಿ ಓಪನ್‌ಡಬ್ಲ್ಯೂಆರ್‌ಟಿ ಹುಟ್ಟಿತು. ಆದರೆ ವೈಫೈ ಭಾಗ ಮಾತ್ರ ಓದಲಾಗದ ಯಂತ್ರಭಾಷೆಯ ಕಡತವಾಗಿಯೇ ಉಳಿಯಿತು. ಓದಲಾಗದ್ದು ಎಂದರೆ ಸಾಮಾನ್ಯರಿಗೆ. ತಾಳ್ಮೆ ಇದ್ದವರಿಗೆ ಅದೂ ಒಂದು ಗ್ರಂಥವೇ.

ತಾಳ್ಮೆ ಇದ್ದ ಕೆಲವರು ಸೇರಿದರು. ಅವರು ಎರಡು ಗುಂಪಾದರು. ಮೊದಲ ಗುಂಪು ಆ ರೌಟರಿನ ಡ್ರೈವರ್ ಕಡತವನ್ನು ಸೂಚನೆ ಸೂಚನೆಯಾಗಿ ಬಿಚ್ಚಿ, ಚಿಪ್ಪಿನ ಯಾವ ರಿಜಿಸ್ಟರಿನಲ್ಲಿ ಏನು ಬರೆದರೆ ಏನಾಗುತ್ತದೆ ಎಂದು ಸಾಮಾನ್ಯ ಭಾಷೆಯಲ್ಲಿ ವಿವರಣೆ ಬರೆಯಿತು. ಎರಡನೆಯ ಗುಂಪು ಮೂಲ ಕಡತವನ್ನು ಕಣ್ಣಿಂದಲೂ ನೋಡದೆ, ಆ ವಿವರಣೆಯನ್ನಷ್ಟೇ ಓದಿ ಹೊಸದಾಗಿ ಡ್ರೈವರ್ ಬರೆಯಿತು. ನಡುವೆ ಒಂದು ಗೋಡೆ. ನೋಡಿದವನು ಬರೆಯುವಂತಿಲ್ಲ, ಬರೆಯುವವನು ನೋಡುವಂತಿಲ್ಲ. ಕದ್ದದ್ದು ಎಂದು ಯಾರೂ ಬೆರಳು ತೋರಿಸಬಾರದಲ್ಲ! 1980ರ ದಶಕದಲ್ಲಿ ಐಬಿಎಂ ಪಿಸಿಯ ಬಯೋಸ್ ಅನ್ನು ಬೇರೆ ಕಂಪನಿಗಳು ಹೊಸದಾಗಿ ಬರೆದದ್ದೂ ಇದೇ ರೀತಿಯಲ್ಲಿ. ನಮಗೆ ಈ ಇಡೀ ಕಥೆಯಲ್ಲಿ ಹೆಚ್ಚು ಇಷ್ಟವಾದದ್ದು ಈ ಗೋಡೆ. ಯಾರೂ ಕಾವಲಿಲ್ಲದ ಕಡೆ, ದೇಶ ದೇಶಗಳಲ್ಲಿ ಹರಡಿ ಕೂತಿದ್ದ ಹುಡುಗರು ತಾವೇ ಕಟ್ಟಿ ತಾವೇ ಕಾಪಾಡಿದ ಗೋಡೆ ಅದು.

2005ರ ಡಿಸೆಂಬರಿನಲ್ಲಿ ಡ್ರೈವರ್ ಪ್ರಕಟವಾಯಿತು, ಹೆಸರು ಬಿಸಿಎಂ43ಎಕ್ಸ್‌ಎಕ್ಸ್. ಮೊದಮೊದಲು ನಿಧಾನ, ಸಂಪರ್ಕ ಕಡಿದು ಹೋಗುವುದು, ಎಲ್ಲ ಇತ್ತು. ಆದರೂ 2006ರ ಜೂನ್‌ನಲ್ಲಿ ಬಂದ ಲಿನಕ್ಸ್ 2.6.17ರಲ್ಲಿ ಅದು ಸೇರಿತು. ಮುಂದೆ ವೈಫೈಗಾಗಿ ಮ್ಯಾಕ್80211 ಎಂಬ ಸಾಮಾನ್ಯ ಚೌಕಟ್ಟು 2007ರಲ್ಲಿ ಕರ್ನಲ್ಲಿಗೆ ಬಂದಾಗ ಡ್ರೈವರನ್ನೂ ಅದರ ಮೇಲೆ ಮರಳಿ ಕಟ್ಟಿದರು. 2008ರ ಜನವರಿಯ 2.6.24ರಲ್ಲಿ ಅದು ಬಿ43 ಎಂಬ ಹೆಸರಿನಿಂದ ಬಂತು, ತೀರಾ ಹಳೆಯ ಚಿಪ್ಪುಗಳಿಗೆ ಬಿ43ಲೆಗಸಿ.

ನಡುವೆ ಒಂದು ಜಗಳವೂ ನಡೆಯಿತು. ಒಳ್ಳೆಯ ಕೆಲಸ ಮಾಡುವವರು ಜಗಳವಾಡುವುದಿಲ್ಲ ಎಂದು ಯಾರೂ ತಿಳಿಯಬಾರದು, ಆದ್ದರಿಂದ ಬರೆಯುತ್ತೇವೆ. ಓಪನ್‌ಬಿಎಸ್‌ಡಿ ಎಂಬ ಇನ್ನೊಂದು ಸ್ವತಂತ್ರ ವ್ಯವಸ್ಥೆಯವರು ಇದೇ ಚಿಪ್ಪುಗಳಿಗೆ ಬಿಸಿಡಬ್ಲ್ಯೂ ಎಂಬ ಡ್ರೈವರ್ ಬರೆಯುತ್ತಿದ್ದರು. 2007ರ ಏಪ್ರಿಲಿನಲ್ಲಿ ಲಿನಕ್ಸ್ ಡ್ರೈವರಿನ ಮೈಕೆಲ್ ಬುಷ್, ಅದರಲ್ಲಿ ತಮ್ಮ ಕೋಡ್ ಲೈಸನ್ಸ್ ಇಲ್ಲದೆ ಸೇರಿದೆ ಎಂದು ಬರೆದರು. ಬರೆದದ್ದು ಆ ಒಬ್ಬ ಅಭಿವೃದ್ಧಿಗಾರನಿಗೆ ಮಾತ್ರವಲ್ಲ, ಹಲವರಿಗೆ ಪ್ರತಿ ಕಳುಹಿಸಿ, ಬಹಿರಂಗವಾಗಿ. ಓಪನ್‌ಬಿಎಸ್‌ಡಿಯ ಥಿಯೋ ಡಿ ರಾಟ್ ಸಿಟ್ಟಾದರು: ಮೊದಲು ಖಾಸಗಿಯಾಗಿ ಹೇಳಬಹುದಿತ್ತಲ್ಲ ಎಂಬುದು ಅವರ ವಾದ. ಕೊನೆಗೆ ಬಿಸಿಡಬ್ಲ್ಯೂ ಡ್ರೈವರನ್ನೇ ಕೈಬಿಟ್ಟರು. ಕೋಡಿನ ವಿಷಯದಲ್ಲಿ ಬುಷ್ ಹೇಳಿದ್ದು ಸರಿ. ಅಷ್ಟು ಎಚ್ಚರದಿಂದ ಗೋಡೆ ಕಟ್ಟಿದವರಿಗೆ ನೋವಾಗದೆ ಇರುತ್ತದೆಯೇ? ಆದರೆ ತಪ್ಪು ಮಾಡಿದ ಸಹೋದರನಿಗೆ ಮೊದಲು ಒಬ್ಬನೇ ಇದ್ದಾಗ ಹೇಳಬೇಕೆಂದು ನಾವೆಲ್ಲ ಕ್ಯಾಟೆಕಿಸಂ ತರಗತಿಯಲ್ಲಿ ಕಲಿತದ್ದು. ಆ ಕ್ರಮ ಇಲ್ಲಿ ತಪ್ಪಿಹೋಯಿತು ಎಂದೇ ನಮಗೆ ಕಾಣುತ್ತದೆ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಕಳೆದ ಹಬ್ಬದ ಲೆಕ್ಕಪತ್ರದ ಬಗ್ಗೆ ನಡೆದದ್ದು ನೆನಪಿದೆಯಲ್ಲ?

ಡ್ರೈವರ್ ಬಂದರೂ ಫರ್ಮ್‌ವೇರಿನ ಗಂಟು ಬಿಚ್ಚಲಿಲ್ಲ. ಅದನ್ನು ಹಂಚಲು ಕಂಪನಿಯ ಅನುಮತಿ ಇಲ್ಲ. ಆದ್ದರಿಂದ ಲಿನಕ್ಸ್ ಹಂಚುವವರು ಸೀಡಿಯಲ್ಲಿ ಅದನ್ನು ಹಾಕುವಂತಿರಲಿಲ್ಲ. ಉಪಾಯವಾಗಿ ಫರ್ಮ್‌ವೇರ್ ಕಟ್ಟರ್ ಎಂಬ ಸಣ್ಣ ಪ್ರೋಗ್ರಾಂ ಬಂತು. ಕಂಪನಿಯ ಡ್ರೈವರ್ ಕಡತವನ್ನು ನೀವೇ ತಂದುಕೊಳ್ಳಬೇಕು, ಇದು ಹಲಸಿನ ಹಣ್ಣಿನಿಂದ ತೊಳೆ ಬಿಡಿಸಿದಂತೆ ಅದರೊಳಗಿನಿಂದ ಫರ್ಮ್‌ವೇರನ್ನು ಬಿಡಿಸಿ ಸರಿಯಾದ ಜಾಗದಲ್ಲಿ ಇಡುತ್ತದೆ. ಹಲಸು ಕೊಯ್ದವರಿಗೆ ಗೊತ್ತು, ಕೈಗೆ ಎಷ್ಟು ಮೇಣ ಹತ್ತುತ್ತದೆ ಎಂದು. 2009ರಲ್ಲಿ ಇಟಲಿಯ ಬ್ರೆಷಿಯಾ ವಿಶ್ವವಿದ್ಯಾಲಯದವರು ಕೆಲವು ಹಳೆ ಚಿಪ್ಪುಗಳಿಗೆ ಫರ್ಮ್‌ವೇರನ್ನೇ ಹೊಸದಾಗಿ, ಮುಕ್ತವಾಗಿ ಬರೆದುಬಿಟ್ಟರು. ಎಲ್ಲ ಸೌಲಭ್ಯ ಅದರಲ್ಲಿ ಇರಲಿಲ್ಲ. ಆದರೂ ಅದು ಸಾಧ್ಯ ಎಂದು ತೋರಿಸಿದ್ದು ಸಣ್ಣದಲ್ಲ.

ಕಂಪನಿ ಸುಮ್ಮನೆ ಕೂತಿರಲಿಲ್ಲ. 2008ರಲ್ಲಿ ತಾನೇ ಡಬ್ಲ್ಯೂಎಲ್ ಎಂಬ ಅರೆ ಮುಚ್ಚಿದ ಡ್ರೈವರ್ ಕೊಟ್ಟಿತು. ಕರ್ನಲ್ ಬದಲಾದಾಗಲೆಲ್ಲ ಅದನ್ನು ಮತ್ತೆ ಕಟ್ಟಬೇಕು, ಒಮ್ಮೊಮ್ಮೆ ಕಟ್ಟಲು ಆಗುತ್ತಲೇ ಇರಲಿಲ್ಲ. ಕೊನೆಗೆ 2010ರ ಸೆಪ್ಟೆಂಬರ್ 9ರಂದು ಬ್ರಾಡ್‌ಕಾಮ್ ಹೊಸ ಚಿಪ್ಪುಗಳಿಗೆ ಪೂರ್ತಿ ತೆರೆದ ಡ್ರೈವರ್ ಪ್ರಕಟಿಸಿತು. ಬಿಸಿಎಂ4313, 43224, 43225 ಎಂಬ ಮೂರಕ್ಕೆ. 2012ರ ಜನವರಿಯ ಲಿನಕ್ಸ್ 3.2ರಲ್ಲಿ ಅದು ಮುಖ್ಯ ಸ್ಥಾನಕ್ಕೆ ಬಂತು. ಐದಾರು ವರ್ಷ ಹಿಂದೆ ಅಸಾಧ್ಯ ಎಂದದ್ದು ಸಾಧ್ಯವಾಯಿತು. ಹಳೆಯ ಚಿಪ್ಪುಗಳಿಗೆ ಮಾತ್ರ ಆ ದಯೆ ಸಿಗಲಿಲ್ಲ. ಅವುಗಳ ಭಾರ ಬಿ43 ತಂಡದ ಹೆಗಲಲ್ಲೇ ಉಳಿಯಿತು.

ಆ ಭಾರ ಹೊತ್ತವರಲ್ಲಿ ಲ್ಯಾರಿ ಫಿಂಗರ್ ಒಬ್ಬರು. 2005ರ ಸುಮಾರಿಗೆ ಈ ಕೆಲಸಕ್ಕೆ ಬಂದು, ಬ್ರಾಡ್‌ಕಾಮ್, ಆಮೇಲೆ ರಿಯಲ್‌ಟೆಕ್ ಕಾರ್ಡುಗಳಿಗೆ ಹತ್ತೊಂಬತ್ತು ವರ್ಷ ದುಡಿದರು. ಹಳೇ ಕಾರ್ಡ್ ನಡೆಯುತ್ತಿಲ್ಲ ಎಂದು ಗೋಳಾಡುವ ಅಪರಿಚಿತರಿಗೆ, ಯಾವ ಸಾಲು ಟೈಪ್ ಮಾಡಬೇಕು, ಬಂದ ಉತ್ತರ ಏನು ಎಂದು ಕೇಳುತ್ತಾ ನೆರವಾದವರು. 2024ರ ಜೂನ್‌ನಲ್ಲಿ ತೀರಿಕೊಂಡರು.

ಇನ್ನು ನಮ್ಮ ಲ್ಯಾಪ್‌ಟಾಪಿಗೆ ಬರೋಣ. ನಾವು ಹಾಕಿದ್ದು ಯಾರದೋ ಬೀರುವಿನಲ್ಲಿದ್ದ ಹಳೇ ಡಿಸ್ಕಿನ ಡೆಬಿಯನ್. ಮುಚ್ಚಿದ ಫರ್ಮ್‌ವೇರ್ ಸ್ವತಂತ್ರವಲ್ಲ ಎಂಬ ತತ್ವದಿಂದ ಡೆಬಿಯನ್ ಬಹಳ ವರ್ಷ ಅದನ್ನು ತನ್ನ ಮುಖ್ಯ ಡಿಸ್ಕಿನಿಂದ ಹೊರಗಿಟ್ಟಿತ್ತು. ತತ್ವ ಒಳ್ಳೆಯದೇ, ಆದರೆ ಬಡವರ ಮನೆಯ ಹಳೇ ಲ್ಯಾಪ್‌ಟಾಪಿಗೆ ಅದರಿಂದ ಬಂದ ಕಷ್ಟ ನಾವು ಕಣ್ಣಾರೆ ಕಂಡೆವು. 2022ರಲ್ಲಿ ಡೆಬಿಯನ್ ಸದಸ್ಯರು ಮತ ಹಾಕಿ ಅದನ್ನು ಬದಲಿಸಿದರು. 2023ರ ಜೂನ್‌ನ ಡೆಬಿಯನ್ 12ರಿಂದ ಹಂಚಲು ಅನುಮತಿ ಇರುವ ಫರ್ಮ್‌ವೇರ್ ಡಿಸ್ಕಿನಲ್ಲೇ ಬರುತ್ತದೆ. ಹಳೇ ಬ್ರಾಡ್‌ಕಾಮ್ ಚಿಪ್ಪಿನವರು ಮಾತ್ರ ಈಗಲೂ ಇಂಟರ್ನೆಟ್ಟಿನಿಂದ ಇಳಿಸಿ ಕತ್ತರಿಸಿಕೊಳ್ಳಬೇಕು.

ಹೊಸ ಡಿಸ್ಕ್ ತರುವ ಮೊದಲು ನಮಗೆ ಹೊಳೆದ ಉಪಾಯ ಫೋನ್. ಆಂಡ್ರಾಯ್ಡ್ ಫೋನನ್ನು ಕೇಬಲಿನಿಂದ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಲಿನಕ್ಸ್ ಅದನ್ನು ತಂತಿಯ ನೆಟ್‌ವರ್ಕ್ ಎಂದೇ ನೋಡುತ್ತದೆ, ಯಾವ ಡ್ರೈವರೂ ಕೇಳುವುದಿಲ್ಲ. ಹಾಗೆ ಡೆಬಿಯನ್ ಹೊಸದು ಮಾಡಿ, ಎಲ್‌ಎಸ್‌ಪಿಸಿಐ ಕೊಟ್ಟ ಚಿಪ್ ಸಂಖ್ಯೆ ನೋಡಿ ಅದಕ್ಕೆ ಬೇಕಾದ ಫರ್ಮ್‌ವೇರ್ ಹಾಕಿದೆವು. ದಿನಚರಿಯಲ್ಲಿ ತಪ್ಪಿನ ಸಾಲು ಮಾಯ. ಆದರೂ ವೈಫೈ ಇಲ್ಲ! ಎರಡು ಸಂಜೆ ಕರ್ನಲ್, ಡ್ರೈವರ್, ಕಪ್ಪುಪಟ್ಟಿ ಎಂದು ತಲೆ ಕೆರೆದುಕೊಂಡೆವು. ಮೂರನೆಯ ಸಂಜೆ ಆರ್‌ಎಫ್‌ಕಿಲ್ ಎಂಬ ಆಜ್ಞೆ ಕೊಟ್ಟಾಗ ಅದು "ಹಾರ್ಡ್ ಬ್ಲಾಕ್ಡ್: ಎಸ್" ಎಂದಿತು. ಅಂದರೆ ತಂತ್ರಾಂಶದಲ್ಲಲ್ಲ, ಎಲ್ಲೋ ಒಂದು ನಿಜವಾದ ಗುಂಡಿ ಆಫ್ ಆಗಿದೆ. ಲ್ಯಾಪ್‌ಟಾಪನ್ನು ಎತ್ತಿ ತಿರುಗಿಸಿದರೆ ಮುಂದಿನ ಅಂಚಿನಲ್ಲಿ, ಧೂಳಿನ ಕೆಳಗೆ, ಉಗುರಿನಷ್ಟು ಒಂದು ಸ್ವಿಚ್. ಬಿಎಸ್ಸಿ ಓದಿದವರ ಮರ್ಯಾದೆ ಇಗರ್ಜಿ ಹಾಲಿನಲ್ಲಿ ಅಂದು ಹೋಯಿತು. ಸ್ವಿಚ್ಚನ್ನು ಪತ್ತೆ ಮಾಡಿದ್ದು ಏಳನೇ ಕ್ಲಾಸಿನ ಹುಡುಗ.

ಸರಿಸಿದ ಕೂಡಲೇ ನೀಲಿ ದೀಪ ಹತ್ತಿತು, ಪಟ್ಟಿಯಲ್ಲಿ ನಾಲ್ಕು ಹೆಸರು ಬಂದವು. ನಮ್ಮಂತೆ ಯಾರಾದರೂ ಹಳೇ ಯಂತ್ರ ಎತ್ತಿಕೊಂಡರೆ ಮೊದಲು ಆ ಸ್ವಿಚ್ ನೋಡಿ, ಆಮೇಲೆ ಚಿಪ್ ಸಂಖ್ಯೆ, ಆಮೇಲೆ ಫರ್ಮ್‌ವೇರ್. ಫೋನಿನ ಕೇಬಲ್ ಕೈಯಲ್ಲಿರಲಿ.

ಹುಡುಗಿಗೆ ಕೊಡುವ ಮೊದಲು ಇನ್ನೊಂದು ಪರೀಕ್ಷೆ ಮಾಡಿದೆವು. ಬ್ರಾಡ್‌ಕಾಮ್ ಕಾರ್ಡ್ ಇಲ್ಲದಿದ್ದರೂ ಡೆಬಿಯನ್ ಹಾಕಿದ ಯಂತ್ರದಲ್ಲಿ ಬಿ43 ಡ್ರೈವರ್ ಸುಮ್ಮನೆ ಮಲಗಿರುತ್ತದೆ. ಟರ್ಮಿನಲಿನಲ್ಲಿ ಮಾಡ್‌ಇನ್ಫೋ ಎಂದು ಬರೆದು ಮುಂದೆ ಬಿ43 ಎಂದು ಹಾಕಿದರೆ ಬರೆದವರ ಹೆಸರು ತೋರಿಸುತ್ತದೆ: ಮಾರ್ಟಿನ್ ಲಾಂಗರ್, ಸ್ಟೆಫಾನೊ ಬ್ರಿವಿಯೊ, ಮೈಕೆಲ್ ಬುಷ್, ಗಾಬೊರ್ ಸ್ಟೆಫಾನಿಕ್, ರಾಫಾವ್ ಮಿವೆಟ್ಸ್ಕಿ. ಏಳನೇ ಕ್ಲಾಸಿನ ಹುಡುಗ ಅವನ್ನು ಗಟ್ಟಿಯಾಗಿ ಓದಲು ಹೋಗಿ ಕೊನೆಯ ಹೆಸರಿನಲ್ಲಿ ಮೂರು ಸಲ ಎಡವಿದ. ಮರುದಿನ ಭಾನುವಾರ ಪೂಜೆ ಮುಗಿದ ಮೇಲೆ ಲ್ಯಾಪ್‌ಟಾಪನ್ನು ಅವಳಿಗೆ ಕೊಟ್ಟೆವು. ಬ್ಯಾಟರಿ ಇಲ್ಲದ್ದರಿಂದ ಕರೆಂಟ್ ಹೋದರೆ ಆಫ್ ಆಗುತ್ತದೆ, ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ. ಯಾರ ಮನೆಯಲ್ಲಾದರೂ ಆ ಅಳತೆಯ ಬ್ಯಾಟರಿ ಇದ್ದರೆ ನಮಗೆ ತಿಳಿಸಿ.